ಮೂರನೇ ದಿನದ ಕೆಂಪು ಗೆರೆ

ಅವತ್ತು ಜೋರು ಮಳೆ ಇತ್ತು ಎಂದು ಆರು ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ. ನಮ್ಮ ಆಸ್ಪತ್ರೆಗೆ ಹೊಸದಾಗಿ ಸೇರುವ ಡಾಕ್ಟರುಗಳಿಗೆ ಈ ಕಥೆ ಹೇಳುವಾಗ ಮಳೆಯಿಂದಲೇ ಶುರು ಮಾಡುತ್ತೇನೆ. ಕಳೆದ ತಿಂಗಳು 2003ರ ಡೈರಿ ತೆಗೆದು ನೋಡಿದರೆ ಆ ದಿನದ ಪುಟದಲ್ಲಿ ಮಳೆಯೇ ಇಲ್ಲ. "ಬೆಳಿಗ್ಗೆಯಿಂದ ಒಳ್ಳೇ ಬಿಸಿಲು. ಛತ್ರಿ ಸುಮ್ಮನೆ ಹೊತ್ತುಕೊಂಡು ಬಂದೆ" ಎಂದಿದೆ. ಅಕ್ಷರ ನನ್ನದೇ.

ಮಳೆಯೊಂದೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅದೇ ಪುಟದಲ್ಲಿ ಇನ್ನೊಂದು ಸಾಲಿದೆ. ಅದು ನಾನು ಹೇಳುತ್ತಾ ಬಂದ ಕಥೆಯನ್ನೇ ತಿರುವಿ ಹಾಕುತ್ತದೆ. ಹಾಗಾಗಿ ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಡೈರಿಯಲ್ಲಿ ಇರುವುದರ ಮಟ್ಟಿಗೆ ಡೈರಿಯನ್ನು ನಂಬಿದ್ದೇನೆ. ಉಳಿದದ್ದಕ್ಕೆ ನನ್ನನ್ನೇ ನಂಬಬೇಕಾಗಿದೆ.

ಡೈರಿ ತೆಗೆಯುವಂತೆ ಮಾಡಿದ್ದು ಮಾಮಿಯ ಫ್ರಿಜ್ಜು. ಪುಣೆಯ ಚಿಂಚವಾಡದಲ್ಲಿರುವ ನನ್ನ ಸೋದರಮಾವನ ಮನೆಗೆ ತಿಂಗಳಿಗೊಂದು ಭಾನುವಾರ ಊಟಕ್ಕೆ ಹೋಗುವುದು ರೂಢಿ. ಆ ಭಾನುವಾರ ಮಾಮಿ ಒಲೆಯ ಮುಂದಿನಿಂದಲೇ, "ಸುಧಾ, ಫ್ರಿಜ್ಜಿನ ಬಾಗಲದಾಗ ನಿಂಬಿಹಣ್ಣು ಅವ, ಒಂದೆರಡು ತಗೊಂಬಾ" ಎಂದರು. ಹೊಸ ಫ್ರಿಜ್ಜು, ಯುಗಾದಿಗೆ ಕೊಂಡದ್ದು. ಅದರ ಬಾಗಿಲಲ್ಲಿ ಮೊಟ್ಟೆ ಇಡಲೆಂದು ಆರು ಗುಂಡಿಗಳಿವೆ. ಮೊಟ್ಟೆ ಎಂದೂ ಹೊಗದ ಮನೆ. ಎರಡು ಗುಂಡಿಗಳಲ್ಲಿ ನಿಂಬೆಹಣ್ಣು ಇದ್ದವು. ಉಳಿದ ನಾಲ್ಕರಲ್ಲಿ ನಾಲ್ಕು ಪುಟ್ಟ ಗಾಜಿನ ಬಾಟಲಿ. ಒಳಗೆ ಬಿಳಿ ಪುಡಿ, ಮೇಲೆ ಅಲ್ಯುಮಿನಿಯಂ ಮುಚ್ಚಳ.

ನೋಡಿದೊಡನೆ ಗುರುತು ಹತ್ತಿತು. ಆರು ವರ್ಷದ ಹಿಂದೆ, ಹಳೆಯ ಹಸಿರು ಫ್ರಿಜ್ಜಿನ ಇಂಥವೇ ಗುಂಡಿಗಳಲ್ಲಿ ಇವನ್ನು ಕಂಡಿದ್ದೆ. ಮಾಮಿ ಇವತ್ತೋ ನಾಳೆಯೋ ಎಸೆಯುತ್ತಾರೆ ಅಂದುಕೊಂಡು ಮರೆತಿದ್ದೆ. ಔಷಧಿಯ ಅವಧಿ ಮುಗಿದು ಎಷ್ಟೋ ಕಾಲವಾಗಿದೆ. ಫ್ರಿಜ್ಜು ಬದಲಾಯಿಸುವಾಗ ಯಾರೋ ಒಂದೊಂದನ್ನೇ ಎತ್ತಿ ಹೊಸದರಲ್ಲಿ ಇಟ್ಟಿದ್ದಾರೆ. ಆ ಅಡುಗೆಮನೆಯಲ್ಲಿ ಮಾಮಿಯಲ್ಲದೆ ಇನ್ಯಾರು ಕೈಯಾಡಿಸುತ್ತಾರೆ?

ಹೊರಗಿನ ಕೋಣೆಯಿಂದ ಕೇರಂ ಬೋರ್ಡಿನ ಟಕ್ ಟಕ್ ಕೇಳುತ್ತಿತ್ತು. ಮಾಮಾ ಮತ್ತು ಅವರ ಆಟದ ಜೋಡಿ ಪಾಟೀಲ ಕಾಕಾ ಯಾವುದೋ ಕಾಯಿಗಾಗಿ ಜಗಳವಾಡುತ್ತಿದ್ದರು. ನಾನು ಫ್ರಿಜ್ಜಿನ ಮುಂದೆ ನಿಂತೇ ಇದ್ದೆ.

"ಬಾಗಲಾ ಹಾಕ ಮೊದಲ. ಥಂಡಿ ಎಲ್ಲಾ ಹೊರಗ ಹೊಂಟದ," ಎಂದರು ಮಾಮಿ.

ನಾನು ಧಾರವಾಡದವಳು. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದಿ, ತೊಂಬತ್ತರ ದಶಕದ ಕೊನೆಯಲ್ಲಿ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಡಿ. ಮಾಡಲು ಪುಣೆಗೆ ಬಂದಾಗ ಮೂರು ವರ್ಷ ಮಾಮಾನ ಮನೆಯಲ್ಲೇ ಇದ್ದೆ. ಮಾಮಾ ಆಗ ಪಿಂಪ್ರಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತರು. ಅವರಿಗೆ ಮಕ್ಕಳಿಲ್ಲ. ನಾನು ಬರುವ ಸಂಜೆಯ ಲೋಕಲ್ ರೈಲು ತಡವಾದರೆ ಮಾಮಾ ಸ್ಟೇಷನ್ನಿನ ಹೊರಗೆ ದೀಪದ ಕಂಬದ ಕೆಳಗೆ ಸ್ಕೂಟರ್ ಮೇಲೆ ಕೂತು ಪೇಪರಿನ ಪದಬಂಧ ಬಿಡಿಸುತ್ತಿರುತ್ತಿದ್ದರು. ನಾನು ಸಂಕೋಚಪಟ್ಟರೆ, "ನಿನ್ನ ಸಲುವಾಗಿ ಯಾರು ಬಂದಾರವಾ, ಇಲ್ಲೆ ಬೆಳಕು ಛಲೋ ಅದ" ಎನ್ನುತ್ತಿದ್ದರು. ಓದು ಮುಗಿದ ಮೇಲೆ ಪುಣೆಯದೇ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ವಿಮಾನ ನಗರದ ಕಡೆ ಮನೆ ಮಾಡಿದೆವು.

ನನ್ನ ಕೆಲಸದಲ್ಲಿ ರೋಗಿಯ ಮುಖ ಕಾಣುವುದು ಕಡಿಮೆ. ಅವರ ರಕ್ತ, ಕಫ, ಮೂತ್ರ ಸಣ್ಣ ಬಾಟಲಿಗಳಲ್ಲಿ ನೆಲಮಹಡಿಯ ಲ್ಯಾಬಿಗೆ ಬರುತ್ತವೆ. ಕುರಿಯ ರಕ್ತ ಬೆರೆಸಿದ ಕೆಂಪು ಪ್ಲೇಟಿನ ಮೇಲೆ ಬೆಳೆಸಿ, ಯಾವ ರೋಗಾಣು ಎಂದು ಗುರುತಿಸುತ್ತೇವೆ. ಇನ್ನೊಂದು ಪ್ಲೇಟಿನ ತುಂಬ ಅದೇ ರೋಗಾಣುವನ್ನು ಸವರಿ, ಬೇರೆ ಬೇರೆ ಔಷಧಿ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಮೇಲಿಡುತ್ತೇವೆ. ಮರುದಿನ ಯಾವ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಖಾಲಿ ವೃತ್ತ ಬಿದ್ದಿರುತ್ತದೋ ಆ ಔಷಧಿ ನಾಟುತ್ತದೆ ಎಂದು ಅರ್ಥ.

2003ರ ಬೇಸಿಗೆಯಲ್ಲಿ ಒಂದೂ ವೃತ್ತವಿಲ್ಲದ ಪ್ಲೇಟು ನನ್ನ ಮೇಜಿಗೆ ಬಂತು. ಐಸಿಯುವಿನ ಐದನೇ ಹಾಸಿಗೆಯದು. ಹೆರಿಗೆಯ ನಂತರ ಸೋಂಕಾಗಿ ಬಂದಿದ್ದ ಇಪ್ಪತ್ತೆರಡೋ ಇಪ್ಪತ್ಮೂರೋ ವರ್ಷದ ಹುಡುಗಿ. ಹದಿನಾಲ್ಕು ಬಿಲ್ಲೆ ಇಟ್ಟಿದ್ದೆ. ಬಿಲ್ಲೆಗಳ ಅಂಚಿನವರೆಗೂ ರೋಗಾಣು ಹುಲ್ಲಿನಂತೆ ಒತ್ತಾಗಿ ಬೆಳೆದಿತ್ತು. ಬರೆದು ಕಳಿಸಲು ನನ್ನ ಬಳಿ ಒಂದು ಔಷಧಿಯ ಹೆಸರೂ ಇರಲಿಲ್ಲ. ರಿಪೋರ್ಟನ್ನು ನಾನೇ ಮೇಲೆ ತೆಗೆದುಕೊಂಡು ಹೋದೆ. ಐಸಿಯು ನೋಡಿಕೊಳ್ಳುತ್ತಿದ್ದ ಕೇತಕರ್ ಸರ್ ಅದನ್ನು ಓದಿ, ಮಡಚಿ, ಜೇಬಿನಲ್ಲಿಟ್ಟುಕೊಂಡರು. ಅದಾಗಿ ನಾಲ್ಕನೇ ದಿನಕ್ಕೆ ಆ ಹುಡುಗಿ ತೀರಿಹೋದಳು.

ಅವಳು ಐಸಿಯುಗೆ ಬಂದಾಗ ಅವಳ ಮೈಯಲ್ಲಿದ್ದ ರೋಗಾಣು ಅದಲ್ಲ. ಮೊದಲ ದಿನದ ಪ್ಲೇಟಿನಲ್ಲಿ ಬೇರೆಯದೇ ಬೆಳೆದಿತ್ತು, ಸಾಧಾರಣ ಔಷಧಿಗೆ ಬಗ್ಗುವಂಥದ್ದು. ಈ ಎರಡನೆಯದು ಆ ಹಾಸಿಗೆಗಳ ಸಾಲಿನಲ್ಲೇ ಬೆಳೆದು ಗಟ್ಟಿಯಾದದ್ದು. ಅದನ್ನು ಗಟ್ಟಿ ಮಾಡಿದವರಲ್ಲಿ ನಾವೂ ಇದ್ದೆವು.

ಹೇಗೆ ಎಂದರೆ, ಐಸಿಯುಗೆ ಬಂದವರಿಗೆಲ್ಲ ಮೊದಲ ಗಂಟೆಯಲ್ಲೇ ದೊಡ್ಡ ಔಷಧಿ ಶುರುವಾಗುತ್ತಿತ್ತು. ಅದರ ಹೆಸರು ಮೆರೊಪೆನೆಮ್. ವಾರ್ಡಿನಲ್ಲಿ ಎಲ್ಲರೂ ದೊಡ್ಡದು ಎಂದೇ ಕರೆಯುತ್ತಿದ್ದರು. ಯಾವ ರೋಗಾಣು ಎಂದು ತಿಳಿಯದಿರುವಾಗ, ಬಹಳ ಬಗೆಯವನ್ನು ಒಮ್ಮೆಗೇ ಕೊಲ್ಲುವ ಔಷಧಿ ಕೊಡುವುದು ಸರಿಯೇ. ತಪ್ಪು ಆಗುತ್ತಿದ್ದದ್ದು ಮೂರನೇ ದಿನ. ಅಷ್ಟು ಹೊತ್ತಿಗೆ ಯಾವ ರೋಗಾಣು, ಯಾವ ಸಣ್ಣ ಔಷಧಿ ಸಾಕು ಎಂದು ನನ್ನ ರಿಪೋರ್ಟು ಮೇಲೆ ಹೋಗಿರುತ್ತಿತ್ತು. ಆದರೆ ಡಾಕ್ಟರುಗಳ ಸುತ್ತು ಬೆಳಿಗ್ಗೆ ಎಂಟಕ್ಕೆ, ನನ್ನ ರಿಪೋರ್ಟು ತಲುಪುವುದು ಹನ್ನೊಂದಕ್ಕೆ. ಅದು ಫೈಲಿನ ಹಿಂಬದಿಯಲ್ಲಿ ಕೂತುಬಿಡುತ್ತಿತ್ತು. ಮರುದಿನ ಜೂನಿಯರ್ ಡಾಕ್ಟರು ಬಂದು ಚಾರ್ಟಿನಲ್ಲಿ ಮೂರೇ ಅಕ್ಷರ ಬರೆಯುತ್ತಿದ್ದರು: ಸಿ.ಎಸ್.ಟಿ. ಇದ್ದ ಚಿಕಿತ್ಸೆಯನ್ನೇ ಮುಂದುವರಿಸಿ ಎಂದರ್ಥ. ನಮ್ಮ ಆಸ್ಪತ್ರೆಗಳಲ್ಲಿ ಓದಿದವರಿಗೆಲ್ಲ ಈ ಮೂರಕ್ಷರ ಕೈಯಿಂದ ತಾನಾಗಿ ಬರುತ್ತದೆ. ಹತ್ತು ದಿನ, ಹನ್ನೆರಡು ದಿನ, ಯಾರೂ ಯೋಚಿಸದೆಯೇ ದೊಡ್ಡದು ಹರಿಯುತ್ತಿತ್ತು. ಅದರಿಂದ ಸಾಯುವ ರೋಗಾಣುಗಳು ಸತ್ತು, ಸಾಯದವು ಉಳಿದು, ಯಾರದೋ ಕೈಯೋ ಕೊಳವೆಯೋ ಹಿಡಿದು ಪಕ್ಕದ ಹಾಸಿಗೆಗೆ ಹೋಗುತ್ತಿದ್ದವು.

ಆ ಹುಡುಗಿ ಹೋದ ವಾರ ಕೇತಕರ್ ಸರ್ ನನ್ನನ್ನೂ ಐಸಿಯುವಿನ ಹೆಡ್ ನರ್ಸ್ ಸಿಸ್ಟರ್ ಶಿಂದೆಯನ್ನೂ ಕೂರಿಸಿಕೊಂಡರು. ಒಂದು ನಿಯಮ ಮಾಡಿದೆವು. ದೊಡ್ಡ ಔಷಧಿಗೆ ಸಿ.ಎಸ್.ಟಿ. ನಡೆಯುವುದಿಲ್ಲ. ಮೂರನೇ ದಿನದ ಚೌಕದ ನಂತರ ಚಾರ್ಟಿನಲ್ಲಿ ಸಿಸ್ಟರ್ ಒಂದು ಕೆಂಪು ಗೆರೆ ಎಳೆಯುತ್ತಾರೆ. ಗೆರೆಯ ಆಚೆಗೂ ಕೊಡಬೇಕೆಂದರೆ ಡಾಕ್ಟರು ಔಷಧಿಯ ಹೆಸರನ್ನು ಹೊಸದಾಗಿ ಬರೆದು, ಯಾಕೆ ಎಂದು ಒಂದು ವಾಕ್ಯ ಸೇರಿಸಬೇಕು. ಇಲ್ಲವಾದರೆ ಮುಂದಿನ ಡೋಸ್ ಇಲ್ಲ. ಯಾವುದು ಕಾರಣವಾಗುತ್ತದೆ, ಯಾವುದು ಆಗುವುದಿಲ್ಲ ಎಂಬ ಪಟ್ಟಿಯನ್ನು ನಾನು ಬರೆದು, ಔಷಧಿ ಗಾಡಿಯ ಮೇಲಿನ ಗೋಡೆಗೆ ಅಂಟಿಸಿದೆ. ನಾನು ದಿನಾ ಎಂಟು ಗಂಟೆಯ ಸುತ್ತಿಗೆ ರಿಪೋರ್ಟು ಹಿಡಿದು ಮೂರು ಮಹಡಿ ಹತ್ತಿ ಬರುವುದೆಂದೂ ಆಯಿತು.

ಯಾರಿಗೂ ಇಷ್ಟವಾಗಲಿಲ್ಲ. ಒಬ್ಬ ಹಿರಿಯ ಸರ್ಜನ್, "ನಿನ್ನ ಹುಳಗಳಿಗೆ ಪ್ಲೇಟಿನಲ್ಲಿ ಮನೆ ಕಟ್ಟಿಕೊಡಮ್ಮ, ನನ್ನ ರೋಗಿಯನ್ನು ನನಗೆ ಬಿಡು" ಎಂದರು. ರೋಗಿಯ ಕಡೆಯವರು ಅದಕ್ಕಿಂತ ಕಷ್ಟ. ಕೆಳಗಿನ ಔಷಧಿ ಅಂಗಡಿಯಿಂದ ದೊಡ್ಡದರ ಡಬ್ಬಿ ತಂದು ಐಸಿಯು ಬಾಗಿಲಲ್ಲಿ ಒಪ್ಪಿಸುವುದು ಅವರ ಪಾಲಿಗೆ ಉಳಿದಿದ್ದ ಒಂದೇ ಸೇವೆ. ಇನ್ನು ಬೇಡ ಎಂದರೆ, ಆಸೆ ಬಿಟ್ಟರೇನೋ ಎಂದು ಅವರ ಮುಖ ಬಾಡುತ್ತಿತ್ತು. ಸಿಸ್ಟರ್ ಶಿಂದೆ ಮಾತ್ರ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಗೆರೆ ಎಳೆಯುವಾಗ ಅವರು ಸ್ಕೇಲು ಇಡುತ್ತಿದ್ದರು.

ಆ ಮಳೆಗಾಲದಲ್ಲಿ ಮಾಮಾಗೆ ಜ್ವರ ಬಂತು.

ಮೊದಲು ನೆಗಡಿ ಎಂದರು. ಮೂರು ದಿನ ಕಷಾಯ ಕುಡಿದರು. ನಾಲ್ಕನೆಯ ಬೆಳಿಗ್ಗೆ ಮಾಮಿಯ ಫೋನು: "ಸುಧಾ, ಇವರಿಗೆ ಮಾತಾಡ್ಲಿಕ್ಕೆ ಉಸಿರು ಸಾಲವಲ್ತು." ಪಾಟೀಲ ಕಾಕಾ ರಿಕ್ಷಾದಲ್ಲಿ ಕೂರಿಸಿಕೊಂಡು ಬಂದರು. ನ್ಯುಮೋನಿಯಾ ಬಲಗಡೆಯ ಪುಪ್ಪುಸವನ್ನು ಅರ್ಧ ತುಂಬಿತ್ತು. ರಕ್ತದೊತ್ತಡ ಇಳಿದಿತ್ತು, ತುಟಿ ಕಪ್ಪಾಗಿತ್ತು. ಐಸಿಯುವಿನಲ್ಲಿ ಒಂದೇ ಹಾಸಿಗೆ ಖಾಲಿ ಇತ್ತು, ಐದನೆಯದು. ಅದು ಐದನೆಯದೇ ಎಂಬುದನ್ನು ಡೈರಿಯಲ್ಲಿ ಎರಡು ಸಲ ಬರೆದಿದ್ದೇನೆ.

ಕೇತಕರ್ ಸರ್ ರಕ್ತ ತೆಗೆಸಿ ಲ್ಯಾಬಿಗೆ ಕಳಿಸಿ, ಕೂಡಲೇ ದೊಡ್ಡದನ್ನು ಶುರು ಮಾಡಿದರು. ಆ ಹೊತ್ತಿಗೆ ಅದೇ ಸರಿ. ಮಾಮಿಗೆ ಚೀಟಿ ಕೊಟ್ಟೆ, ಡಬ್ಬಿ ತಂದರು. ಸಂಜೆ ಅವರು ಬೆಂಚಿನ ಮೇಲೆ ಕೂತು, "ದೊಡ್ಡ ಔಷಧಿ ಅಂತ, ಅಲ್ಲಾ? ಹಂಗಾರ ಆರಾಮ ಆಗ್ತದ" ಎಂದು ನನ್ನ ಕಡೆ ನೋಡಿದರು. ನಾನು ಹೌದೆಂದೆ. ಬೇಸಿಗೆಯಿಡೀ ಬೇರೆಯವರ ಮನೆಯವರಿಗೆ ಏನು ಹೇಳುತ್ತಿದ್ದೆನೋ ಅದು ನನ್ನ ಬಾಯಿಗೆ ಬರಲಿಲ್ಲ.

ಎರಡನೇ ದಿನ ಮಾಮಾನ ರಕ್ತದ ಬಾಟಲಿ ಮಬ್ಬಾಯಿತು, ಎಂದರೆ ಒಳಗೆ ಏನೋ ಬೆಳೆದಿತ್ತು. ಸೂಕ್ಷ್ಮದರ್ಶಕದಲ್ಲಿ ಜೋಡಿ ಜೋಡಿಯಾಗಿ ಕೂತ ಕಾಳುಗಳು ಕಂಡವು. ನ್ಯುಮೋಕಾಕಸ್. ಪ್ಲೇಟಿಗೆ ಹಾಕಿದೆ. ಮೂರನೇ ದಿನ ಬೆಳಿಗ್ಗೆ ಏಳಕ್ಕೇ ಹೋಗಿ ಪ್ಲೇಟು ತೆಗೆದೆ. ಪೆನಿಸಿಲಿನ್ ನಾಟುತ್ತದೋ ಇಲ್ಲವೋ ಎಂದು ತಿಳಿಯಲು ಇಟ್ಟಿದ್ದ ಬಿಲ್ಲೆಯ ಸುತ್ತ ಅಗಲವಾದ, ಸ್ವಚ್ಛವಾದ ವೃತ್ತ. ಸ್ಕೇಲಿನಿಂದ ಅಳೆದೆ. ಮತ್ತೆ ಅಳೆದೆ. ಪಕ್ಕದ ಟೆಕ್ನಿಷಿಯನ್ ಕೈಯಲ್ಲಿ ಅಳೆಸಿದೆ. ಮಾಮಾನ ಮೈಯಲ್ಲಿದ್ದ ರೋಗಾಣುವಿಗೆ, ನಮ್ಮ ಅಜ್ಜನ ಕಾಲದಿಂದ ಇರುವ ಪೆನಿಸಿಲಿನ್ ಸಾಕು. ಸಾಕೇನು, ಅದೇ ಒಳ್ಳೆಯದು.

ಇಲ್ಲಿಂದ ಮುಂದೆ ನನ್ನ ಕಥೆಯೂ ಡೈರಿಯೂ ಬೇರೆಯಾಗುತ್ತವೆ.

ನಾನು ಹೇಳುತ್ತಾ ಬಂದದ್ದು ಹೀಗೆ: ಹೊರಗೆ ಮಳೆ. ರೋಗಿ ನನ್ನ ಮಾವ ಎಂದು ಕೇತಕರ್ ಸರ್ ಹಿಂಜರಿದರು. ಜ್ವರ ಇನ್ನೂ ಇಳಿದಿಲ್ಲ, ಇನ್ನೆರಡು ದಿನ ದೊಡ್ಡದೇ ಇರಲಿ ಎಂದರು. ಆಗ ನಾನು, "ನಿಯಮ ಎಲ್ಲರಿಗೂ ಒಂದೇ ಸರ್" ಎಂದೆ. ಈ ಮಾತಿಗೆ ಹೊಸ ಡಾಕ್ಟರುಗಳು ಪ್ರತಿ ಸಲವೂ ತಲೆಯಾಡಿಸುತ್ತಾರೆ.

ಡೈರಿಯಲ್ಲಿರುವುದು ಹೀಗೆ: "ಇನ್ನೆರಡು ದಿನ ದೊಡ್ಡದೇ ಇರಲಿ ಅಂದೆ. ಶಿಂದೆ ಬಿಡಲಿಲ್ಲ. ಕಾಜಿನಾಚೆ ಮಾಮಿ."

ಅಷ್ಟೇ. ಮೂರು ವಾಕ್ಯ. ಕಾಜು ಎಂದರೆ ಐಸಿಯು ಬಾಗಿಲಿನ ಗಾಜು. ಮೊದಲು ಓದಿದಾಗ ಇದನ್ನು ಇನ್ಯಾರೋ ಬರೆದಂತೆ ಅನಿಸಿತು. ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಮತ್ತೆ ಓದಿದೆ. ಆಮೇಲೆ ಒಂದೊಂದಾಗಿ ಎದ್ದು ಬಂದವು: ಬಾಗಿಲ ಪಕ್ಕದ ಮೇಜು, ಅದರ ಮೇಲೆ ಬಿಡಿಸಿಟ್ಟ ಚಾರ್ಟು, ಸಿಸ್ಟರ್ ಆಗಲೇ ಎಳೆದಿದ್ದ ಗೆರೆ. ಅಥವಾ ಡೈರಿ ಓದಿದ ಮೇಲೆ ನಾನೇ ಇವನ್ನು ಕಟ್ಟಿಕೊಂಡೆನೋ? ಹೇಳಲಾರೆ. ನನಗೀಗ ಕಾಣುವಂತೆ ಬರೆಯುತ್ತೇನೆ.

ಕೇತಕರ್ ಸರ್ ರಿಪೋರ್ಟು ನೋಡಿ, "ಒಳ್ಳೇ ಸುದ್ದಿ. ಪೆನಿಸಿಲಿನ್‌ಗೆ ಬದಲಾಯಿಸೋಣ" ಎಂದರು. ಆಕ್ಸಿಜನ್ ಸ್ವಲ್ಪ ಕಡಿಮೆ ಮಾಡಿದ್ದಾರೆ, ರಕ್ತದೊತ್ತಡ ಸ್ಥಿರವಾಗಿದೆ, ಆದರೆ ಜ್ವರ ನೂರಾ ಎರಡು. ನಾನು, "ಇನ್ನೆರಡು ದಿನ ದೊಡ್ಡದೇ ಇರಲಿ ಸರ್" ಎಂದೆ. ಅವರು ತಮ್ಮ ಪೆನ್ನನ್ನು ನನ್ನ ಕಡೆ ಚಾಚಿದರು. "ಸರಿ. ಕಾರಣ ಬರಿ. ಕೆಳಗೆ ನಾನು ಸಹಿ ಹಾಕುತ್ತೇನೆ." ಗದರಿಕೆಯಿಲ್ಲ, ವ್ಯಂಗ್ಯವಿಲ್ಲ. ಪೆನ್ನು ತೆಗೆದುಕೊಂಡೆ. ಗೆರೆಯ ಆಚೆಯ ಚೌಕದಲ್ಲಿ "ಜ್ವರ ಇಳಿದಿಲ್ಲ" ಎಂದು ಇಂಗ್ಲಿಷಿನಲ್ಲಿ ಬರೆದೆ.

ಸಿಸ್ಟರ್ ಶಿಂದೆ ಬಗ್ಗಿ ಓದಿದರು. "ಮ್ಯಾಡಮ್, ಹೇ ಕಾರಣ ನಾಹೀ." ಇದು ಕಾರಣವಲ್ಲ. ಕೈಯಲ್ಲಿದ್ದ ಸ್ಕೇಲಿನಿಂದ ಗೋಡೆಯ ಪಟ್ಟಿ ತೋರಿಸಿದರು. ಕಾರಣವಲ್ಲದವುಗಳ ಕೆಳಗೆ ಎರಡನೆಯದು ಅದೇ: ಜ್ವರ ಇನ್ನೂ ಇದೆ ಎಂಬುದೊಂದೇ ಕಾರಣವಾಗುವುದಿಲ್ಲ. ಬರೆದವಳು ನಾನು.

"ಸಿಸ್ಟರ್, ಅವರು ನಮ್ಮ ಮಾಮಾ."

"ಮಾಹೀತ ಆಹೇ, ಮ್ಯಾಡಮ್. ನಿಯಮ ಸಗಳ್ಯಾಂನಾ ಏಕಚ." ಗೊತ್ತಿದೆ, ನಿಯಮ ಎಲ್ಲರಿಗೂ ಒಂದೇ.

ಆರು ವರ್ಷ ನನ್ನದೆಂದು ಹೇಳಿಕೊಂಡು ತಿರುಗಿದ ಮಾತು ಅವರದು. ಅವರು ಈಗ ನಿವೃತ್ತರಾಗಿ ಸಾತಾರಾದ ಕಡೆ ಇದ್ದಾರೆ. ಫೋನ್ ಮಾಡಿ ಕ್ಷಮೆ ಕೇಳಿದೆ. "ಮೀ ಅಸಂ ಮ್ಹಟಲಂ ಕಾ?" ನಾನು ಹಾಗಂದಿದ್ದೆನಾ ಎಂದು ನಕ್ಕುಬಿಟ್ಟರು. ಅವರಿಗೆ ನೆನಪೇ ಇಲ್ಲ.

ನಾನು ಬರೆದದ್ದನ್ನು ಹೊಡೆದು ಹಾಕಿದೆ. ತಲೆ ಎತ್ತಿದರೆ ಬಾಗಿಲಿನ ಗುಂಡು ಗಾಜಿನ ಆಚೆ ಮಾಮಿಯ ಮುಖ. ಒಳಗಿನ ಮಾತು ಹೊರಗೆ ಕೇಳಿಸುವುದಿಲ್ಲ. ಕಾಣುವುದು ಮಾತ್ರ ಎಲ್ಲವೂ ಕಾಣುತ್ತದೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ.

ಪೆನಿಸಿಲಿನ್ ಒಗ್ಗುತ್ತದೋ ಇಲ್ಲವೋ ಎಂದು ನೋಡಲು ಸಿಸ್ಟರ್ ವಾರ್ಡಿನ ಪರೀಕ್ಷೆಯ ಬಾಟಲಿಯಿಂದ ಮಾಮಾನ ಮುಂಗೈಯಲ್ಲಿ ಒಂದು ಹನಿ ಚುಚ್ಚಿ, ಸುತ್ತ ಬಾಲ್‌ಪೆನ್ನಿನಿಂದ ವೃತ್ತ ಬರೆದರು. ಅಷ್ಟರಲ್ಲಿ ಪೆನಿಸಿಲಿನ್ನಿನ ಚೀಟಿ ಹಿಡಿದು ಕೆಳಗೆ ಹೋಗಿದ್ದ ಮಾಮಿ ಔಷಧಿ ಸಿಗದೆ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದರು.

"ಸುಧಾ, ಅಂಗಡಿಯಾಂವ ನಕ್ಕಾ. ‘ಮಾವಶೀ, ಹೇ ಆತಾ ಕೋಣ ಲಿಹಿತಂ?’ ಅಂದಾ. ಈಗ ಇದನ್ನ ಯಾರೂ ಬರಿಯೂದ ಇಲ್ಲಂತ. ಬ್ಯಾರೆ ಅಂಗಡಿಯಿಂದ ತರಸಿ ಕೊಡ್ತಾನಂತ."

"ತರಸ್ಲಿ ಮಾಮಿ. ಈ ಹುಳಕ್ಕ ಇದ ಛಲೋ ಔಷಧಿ."

"ಖಾತ್ರಿ ಅದ ನಿನಗ?"

"ಅದರಿ."

ಮಾಮಿ ತಮ್ಮ ಬಟ್ಟೆಯ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು. ಅದರಲ್ಲಿ ದೊಡ್ಡದರ ಉಳಿದ ನಾಲ್ಕು ಬಾಟಲಿ ಇದ್ದವು. "ಹಂಗಾರ ಇದರ ಜೋಡಿ ಅದೂ ಇರ್ಲಿ. ಎರಡೂ ಕೊಡ್ಲಿ. ಹೆಚ್ಚಾದ್ರ ಏನಾತು?"

ಎಲ್ಲರೂ ಕೇಳುವ ಪ್ರಶ್ನೆ ಇದೇ. ಅರ್ಧ ಗಂಟೆಯ ಹಿಂದೆ ನಾನೂ ಅದನ್ನೇ ಕೇಳಿದ್ದೆ. "ಹಂಗಲ್ಲ ಮಾಮಿ. ಮಾಮಾನ ಹೊಟ್ಟ್ಯಾಗ ಇರೋ ಒಳ್ಳೇ ಹುಳಾನೂ ಸಾಯ್ತಾವ. ಗಟ್ಟಿ ಇದ್ದದ್ದು ಉಳೀತದ. ಅದು ನಾಳೆ ಮಾಮಾಗೂ ಕಾಡ್ತದ, ಬಾಜೂ ಹಾಸಿಗೆಗೂ ಹೋಗ್ತದ."

"ಬಾಜೂ ಹಾಸಿಗ್ಯಾಗ ಯಾರಿದ್ದಾರ?"

"ಒಬ್ಬ ಹುಡುಗಿ. ಆಕಿಗೆ ಸಣ್ಣ ಕೂಸು ಅದಂತ."

ಎದುರಿನ ಬೆಂಚಿನಲ್ಲಿ ಒಬ್ಬ ಮುದುಕಿ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಮಾಮಿ ಆ ಕಡೆಗೇ ನೋಡುತ್ತಿದ್ದರು.

"ಆ ನಾಲ್ಕು ಬಾಟ್ಲಿ ವಾಪಸ್ ತಗೋತಾರ. ಕೊಟ್ಟು ಬರ್ಲೇನ್ರಿ?" ಎಂದೆ.

"ಇರ್ಲಿ," ಎಂದರು ಮಾಮಿ. ಚೀಲದ ಬಾಯಿಯನ್ನು ಎರಡು ಸುತ್ತು ಸುತ್ತಿ ಹಿಡಿದುಕೊಂಡರು.

ಮಧ್ಯಾಹ್ನದಿಂದ ಪೆನಿಸಿಲಿನ್ ಶುರುವಾಯಿತು. ಸಂಜೆ ಜ್ವರ ನೂರಾ ಎರಡೇ. ನಾಲ್ಕನೇ ದಿನ ಬೆಳಿಗ್ಗೆ ನೂರಾ ಎರಡೂವರೆ. ಆ ದಿನದ ಡೈರಿಯಲ್ಲಿ "ಏಳು ಸಲ ಮೇಲೆ ಹೋದೆ" ಎಂದಿದೆ. ಪ್ರತಿ ಸಲ ಬೆಂಚಿನ ಮುಂದಿನಿಂದಲೇ ಹಾದು ಹೋಗಬೇಕು. ಮಾಮಿ ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಸುಲಭವಿತ್ತು. ಪಾಟೀಲ ಕಾಕಾ ಪಕ್ಕದಲ್ಲಿ ಕೂತು ಪೇಪರ್ ಓದುತ್ತಿದ್ದರು, ಅಥವಾ ಓದುವಂತೆ ಹಿಡಿದಿದ್ದರು. ಅವರೊಮ್ಮೆ, "ಡಾಕ್ಟರೀಣಬಾಯಿ, ಆ ಹೊಸಾ ಔಷಧಿ ಹಳೇದ್ಯಾಕ?" ಎಂದು ಕೇಳಿದರು. ತಮಾಷೆಗೋ ಸಿಟ್ಟಿಗೋ ತಿಳಿಯಲಿಲ್ಲ. ನಗಲು ನೋಡಿದೆ, ಆಗಲಿಲ್ಲ.

ಲ್ಯಾಬಿಗೆ ಹೋಗಿ ಮಾಮಾನ ಪ್ಲೇಟನ್ನು ಮತ್ತೆ ತೆಗೆದು ನೋಡಿದೆ. ಅಳತೆ ತಪ್ಪಿದ್ದರೆ? ಬಿಲ್ಲೆ ಹಳೆಯದಾಗಿದ್ದರೆ? ಎರಡು ದಿನವಾದ ಮೇಲೆ ಈ ರೋಗಾಣುವಿನ ಗುಂಪುಗಳು ನಡುವೆ ತಗ್ಗಿ, ಅಂಚು ಎದ್ದು, ಥೇಟ್ ಕೇರಂ ಕಾಯಿಯಂತಾಗುತ್ತವೆ. ಸುತ್ತ ಪ್ಲೇಟಿನ ಕೆಂಪು ಹೋಗಿ ಹಸಿರಾಗಿರುತ್ತದೆ. ಪುಸ್ತಕದಲ್ಲಿ ಇರುವಂತೆಯೇ ಇತ್ತು. ಅದನ್ನು ನೋಡಿ ಯಾಕೋ ಅಳು ಬಂತು.

ಸಂಜೆ ಮಾಮಾನ ಹಾಸಿಗೆಯ ಬಳಿ ನಿಂತಾಗ ಅವರು ಆಕ್ಸಿಜನ್ ಮಾಸ್ಕನ್ನು ಬೆರಳಿನಿಂದ ಎತ್ತಿದರು.

"ಏನವಾ, ನನ್ನೊಳಗ ಎಂಥಾ ಹುಳಾ ಅದ?"

"ಕೇರಂ ಕಾಯಿ ಇದ್ದಂಗ ಅದ ಮಾಮಾ."

"ಬಿಳೀದೋ ಕರೀದೋ?"

"ಎರಡೂ ಅಲ್ಲರಿ. ಹಸರು."

ಉಸಿರು ತೆಗೆದುಕೊಳ್ಳಲು ನಿಂತರು. ಆಮೇಲೆ, "ಫೌಲ್," ಎಂದರು.

ಸಿಸ್ಟರ್ ಶಿಂದೆ ಓಡಿ ಬಂದು ಮಾಸ್ಕ್ ಹಾಕಿ ಇಬ್ಬರಿಗೂ ಬೈದರು. ಈ ಮಾತು ಡೈರಿಯಲ್ಲಿಲ್ಲ. ಆದರೂ ಇದು ನಡೆದದ್ದೇ ಎಂದು ನಂಬಿದ್ದೇನೆ, ಏಕೆಂದರೆ ಇದನ್ನು ಮಾಮಾ ಬೇರೆಯೇ ರೀತಿ ಹೇಳುತ್ತಾರೆ. ಅವರ ಪ್ರಕಾರ ಫೌಲ್ ಎಂದವಳು ನಾನು.

ಐದನೇ ದಿನ ನಸುಕಿನಲ್ಲಿ ಮಾಮಾ ಬೆವರಿದರಂತೆ. ನಾನು ಎಂಟಕ್ಕೆ ಹತ್ತಿ ಹೋದಾಗ ಹಾಸಿಗೆಯ ಚಾದರ ಬದಲಾಯಿಸಿದ್ದರು. ಚಾರ್ಟಿನ ಜ್ವರದ ಗೆರೆ ತೊಂಬತ್ತೊಂಬತ್ತಕ್ಕೆ ಇಳಿದಿತ್ತು. ಕೇತಕರ್ ಸರ್ ಬೆರಳಿನಿಂದ ಅಲ್ಲಿ ತಟ್ಟಿದರು. ಮಾಮಾ ಎಚ್ಚರವಿದ್ದರು. "ಪಾಟೀಲ ಯಾರ ಜೋಡಿ ಆಡ್ಲಿಕ್ಕೆ ಹತ್ಯಾನ? ಖರೇ ಹೇಳು," ಎಂದರು. ಖಾಲಿ ಸ್ಟೂಲು ಸಿಕ್ಕಿತು, ಕೂತೆ. ನಾಲ್ಕು ದಿನದಿಂದ ಎದೆಯೊಳಗೆ ಹಿಡಿದುಕೊಂಡಿದ್ದ ಏನೋ ಒಂದು ಬಿಟ್ಟುಕೊಟ್ಟಂತೆ ಆಯಿತು. ಉಸಿರಾಡುವುದು ಇಷ್ಟು ಸುಲಭವಾಗಿತ್ತೇ ಎಂದು ಅನಿಸಿದ್ದು ಚೆನ್ನಾಗಿ ನೆನಪಿದೆ. ಹೊರಗೆ ಬಂದು ಮಾಮಿಗೆ ಹೇಳಿದೆ. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡು, "ನೀ ಏನರ ತಿಂದಿಯಿಲ್ಲೊ?" ಎಂದು ಡಬ್ಬಿ ಬಿಚ್ಚಿದರು. ಅವಲಕ್ಕಿ. ಅಲ್ಲೇ ಬೆಂಚಿನ ಮೇಲೆ ಮೂವರೂ ತಿಂದೆವು. ಪಾಟೀಲ ಕಾಕಾ ಎರಡು ಸಲ ಹಾಕಿಸಿಕೊಂಡರು.

ಹತ್ತನೇ ದಿನಕ್ಕೆ ಮಾಮಾ ಮನೆಗೆ ಹೋದರು. ಅವರನ್ನು ನೋಡಲು ಹೋದಾಗಲೇ ಹಳೆಯ ಫ್ರಿಜ್ಜಿನ ಗುಂಡಿಗಳಲ್ಲಿ ಆ ಬಾಟಲಿಗಳನ್ನು ಕಂಡದ್ದು. ಪಕ್ಕದ ಹಾಸಿಗೆಯ ಹುಡುಗಿಯೂ ಮನೆಗೆ ಹೋದಳು. ದೀಪಾವಳಿಯ ಹೊತ್ತಿಗೆ ವೃತ್ತವಿಲ್ಲದ ಪ್ಲೇಟುಗಳು ನನ್ನ ಮೇಜಿಗೆ ಬರುವುದು ಅಪರೂಪವಾಗಿತ್ತು. ಅದು ಕೆಂಪು ಗೆರೆಯಿಂದಲೇ ಆಯಿತೆಂದು ಹೇಳಲಾರೆ. ಅದೇ ಮಳೆಗಾಲದಲ್ಲಿ ಪ್ರತಿ ಹಾಸಿಗೆಯ ಬಳಿ ಕೈ ತೊಳೆಯುವ ದ್ರವವನ್ನೂ ಇಡಿಸಿದ್ದೆವು. ಆದರೂ ಬೆಳಿಗ್ಗೆ ಪ್ಲೇಟು ತೆರೆದಾಗ ಬಿಲ್ಲೆಗಳ ಸುತ್ತ ದುಂಡಗಿನ ಖಾಲಿ ಜಾಗ ಕಂಡರೆ ಈಗಲೂ ನನಗೆ ಹಾಯೆನಿಸುತ್ತದೆ. ಗೆರೆ ಈಗಲೂ ಇದೆ. ಎಳೆಯುವವರು ಬೇರೆ, ಸ್ಕೇಲು ಇಡುವುದಿಲ್ಲ.

ಇಷ್ಟು ವರ್ಷ ಆ ಬಾಟಲಿಗಳನ್ನು ಮಾಮಿಯ ಹಟ ಎಂದುಕೊಂಡಿದ್ದೆ. ಅಂಗಡಿಯವನು ನಕ್ಕದ್ದಕ್ಕೆ ಹೆದರಿ ಇಟ್ಟುಕೊಂಡಿದ್ದಾರೆ, ಓದಿಲ್ಲದವರಿಗೆ ದೊಡ್ಡ ಔಷಧಿಯ ಮೇಲೆ ಹೀಗೇ ನಂಬಿಕೆ ಎಂದು ಮನಸ್ಸಿನಲ್ಲೇ ಸ್ವಲ್ಪ ನಕ್ಕಿದ್ದೆ ಕೂಡ. "ಕಾಜಿನಾಚೆ ಮಾಮಿ" ಎಂಬುದನ್ನು ಓದಿದ ಮೇಲೆ ಆ ನಗು ಉಳಿದಿಲ್ಲ. ಅವರು ಬಾಗಿಲ ಆಚೆಯಿಂದ ನನ್ನನ್ನು ನೋಡಿದ್ದರು. ಡಾಕ್ಟರು ಪೆನ್ನು ಕೊಟ್ಟದ್ದು, ನಾನು ಬರೆದದ್ದು, ನರ್ಸು ಗೋಡೆ ತೋರಿಸಿದ್ದು, ನಾನು ಹೊಡೆದು ಹಾಕಿದ್ದು. ಅದಾದ ಅರ್ಧ ಗಂಟೆಗೆ ಅವರ ಮುಂದೆ ನಿಂತು, ಖಾತ್ರಿ ಅದ ಎಂದೆ.

ಮುಂದಿನ ತಿಂಗಳ ಭಾನುವಾರಕ್ಕೆ ಕಾಯದೆ ಮರುವಾರವೇ ಹೋದೆ. ಮಾಮಿ ಹಾಲು ಕಾಯಿಸುತ್ತಿದ್ದರು. ಹೊರಗೆ ಮಾಮಾ ಬೋರ್ಡಿಗೆ ಪುಡಿ ಸವರುತ್ತಿದ್ದರು. ಡೈರಿಯ ಮಾತನ್ನು ಮಾಮಿಗೆ ಇದ್ದಂತೆಯೇ ಹೇಳಿದೆ, ಮಳೆ ಇರಲಿಲ್ಲ ಎಂಬುದನ್ನೂ ಸೇರಿಸಿ. ಅವರು ಒಲೆಯಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡರು. ಕೊನೆಗೆ ನಾನು ಒಂದು ಮಾತು ಕೇಳಿದೆ. ಹಾಲು ಉಕ್ಕಿ ಬಂತು. ಅವರು ಉರಿ ಸಣ್ಣ ಮಾಡಿ, ಚಹಾಪುಡಿ ಹಾಕಿ, "ಹೋಗು, ಅವರಿಬ್ಬರಿಗೂ ಕೊಟ್ಟು ಬಾ" ಎಂದು ಕಪ್ಪುಗಳನ್ನು ನನ್ನ ಕೈಗಿತ್ತರು. ಅದಾಗಿ ಮೂರು ವಾರವಾಯಿತು. ಎರಡು ಸಲ ಫೋನಿನಲ್ಲಿ ಮಾತಾಡಿದ್ದೇವೆ. ಮಾಮಾನ ಕಣ್ಣಿನ ಆಪರೇಷನ್ನು, ಹುರಳಿಕಾಯಿಯ ರೇಟು, ಪಾಟೀಲ ಕಾಕಾನ ಮೊಮ್ಮಗಳ ಹೆಸರಿಡುವ ಕಾರ್ಯ, ಎಲ್ಲದರ ಬಗ್ಗೆಯೂ ಮಾತಾಯಿತು, ಅದೊಂದನ್ನು ಬಿಟ್ಟು. ಬಾಟಲಿಗಳು ಇನ್ನೂ ಅಲ್ಲೇ ಇರಬೇಕು. ನಾನು ಕೇಳಿದ್ದು ಇಷ್ಟೇ:

"ಮಾಮಿ, ಅವತ್ತ ಕಾಜಿನ ಆಚೆ ನಿಂತು ನನ್ನ ಮಾರಿ ಮ್ಯಾಲೆ ನೀವು ಏನ್ ನೋಡಿದ್ರಿ?"